ನೆದರ್ಲೆಂಡ್ಸ್‌ನಲ್ಲಿ ವ್ಯಾನ್ ಗೋ ಚಿತ್ರಗಳನ್ನು ಎಲ್ಲಿ ನೋಡಬಹುದು, ಅವು ಅಲ್ಲಿ ಇಷ್ಟೊಂದು ಉಳಿದದ್ದು ಹೇಗೆ?

ಆಮ್‌ಸ್ಟರ್‌ಡ್ಯಾಮ್‌ನ ವ್ಯಾನ್ ಗೋ ಸಂಗ್ರಹಾಲಯ ಮತ್ತು ಓಟರ್ಲೋ ಗ್ರಾಮದ ಬಳಿಯ ಕಾಡಿನ ನಡುವೆ ಇರುವ ಕ್ರೋಲರ್-ಮ್ಯುಲರ್ ಸಂಗ್ರಹಾಲಯ, ಇವೆರಡನ್ನೂ ನೋಡಬೇಕು. ಅವರ ಕೃತಿಗಳ ಅತಿ ದೊಡ್ಡ ಎರಡು ಸಂಗ್ರಹಗಳು ಇಲ್ಲಿಯೇ ಇವೆ. ವ್ಯಾನ್ ಗೋ ಬದುಕಿದ್ದಾಗ ಅವರ ಚಿತ್ರಗಳು ಮಾರಾಟವಾದದ್ದು ತೀರ ವಿರಳವಾದ್ದರಿಂದ, 1890ರಲ್ಲಿ ಅವರು ತೀರಿಕೊಂಡ ಬಳಿಕ ಬಹುಪಾಲು ಕೃತಿಗಳು ಅವರ ಕಿರಿಯ ಸಹೋದರ ಥಿಯೋ ಅವರ ಪಾಲಿಗೆ ಬಂದವು. ಕೆಲವೇ ತಿಂಗಳಲ್ಲಿ ಅವರೂ ನಿಧನರಾದಾಗ ಹೊಣೆ ಹೊತ್ತವರು ಥಿಯೋ ಅವರ ಪತ್ನಿ ಯೋಹಾನಾ. ಆಕೆ ಕೆಲವನ್ನು ಮಾರಿ, ಪ್ರದರ್ಶನಗಳನ್ನು ಏರ್ಪಡಿಸಿ, ವ್ಯಾನ್ ಗೋ ಬರೆದ ಪತ್ರಗಳನ್ನು ಪ್ರಕಟಿಸಿ ಕಲಾವಿದನ ಹೆಸರನ್ನು ಬೆಳೆಸಿದರೂ ಸಂಗ್ರಹದ ತಿರುಳನ್ನು ಬಿಟ್ಟುಕೊಡಲಿಲ್ಲ. ಈ ಶ್ರಮಕ್ಕೆ ತಕ್ಕ ಮನ್ನಣೆ ಇನ್ನೂ ಸಂದಿಲ್ಲವೆಂಬುದು ನನ್ನ ಭಾವನೆ. ಆಕೆಯ ಮಗ ಆ ಸಂಗ್ರಹವನ್ನು ಪ್ರತಿಷ್ಠಾನಕ್ಕೆ ವಹಿಸಿದ್ದರಿಂದ 1973ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಸಂಗ್ರಹಾಲಯ ತೆರೆಯಿತು. ಓಟರ್ಲೋದ ಸಂಗ್ರಹವನ್ನು ಕಲಾಸಂಗ್ರಾಹಕಿ ಹೆಲೆನ್ ಕ್ರೋಲರ್-ಮ್ಯುಲರ್ ತಾವೇ ಕೊಂಡು ಕೂಡಿಸಿದ್ದರು.