ರಿಜಿಸ್ಟರ್ ಎತ್ಕೊಂಡು ಅಡುಗೆಕೋಣೆಗೆ ಹೋಗಿ ಟೀಚರ್

ಈ ವಾರ ಬಂದಿರೋ ಪತ್ರಗಳಲ್ಲಿ ಒಂದನ್ನ ಓದಿ ಮೈ ಉರಿದುಹೋಯ್ತು, ಬರೆದವರ ಮೇಲೆ ಸ್ವಲ್ಪ, ಅವರ ಸುತ್ತ ಇರೋರ ಮೇಲೆ ಜಾಸ್ತಿ. ದಾವಣಗೆರೆ ಕಡೆಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಟೀಚರ್ ಒಬ್ರು ಬರೆದಿದ್ದಾರೆ. ಪ್ರೊಬೇಷನ್ ಇನ್ನೂ ಮುಗಿದಿಲ್ಲ, ಬಿಸಿಯೂಟದ ರಿಜಿಸ್ಟರ್ ಬರೆಯೋ ಕೆಲಸ ಇವರ ತಲೆಗೆ ಕಟ್ಟಿದ್ದಾರೆ. ಊಟಕ್ಕೆ ಕೂರೋ ಮಕ್ಕಳು 64, ಎಚ್‌ಎಂ (ಹೆಡ್‌ಮಾಸ್ಟರ್) ಬರೆಸೋದು 84. ಇವರಿಗೆ ರಾತ್ರಿ ನಿದ್ದೆ ಇಲ್ಲ. ಗಂಡ "ಪ್ರೊಬೇಷನ್ ಮುಗಿಯೋವರೆಗೂ ಸುಮ್ನಿರು" ಅಂತಾರೆ. ಸೀನಿಯರ್ ಮೇಷ್ಟ್ರೊಬ್ರು "ಎಲ್ಲಾ ಕಡೆ ಇರೋದೇ ಕಣಮ್ಮ, ನೀನೊಬ್ಳೇ ಏನ್ ಸತ್ಯಹರಿಶ್ಚಂದ್ರನ ಮೊಮ್ಮಗಳಾ" ಅಂತ ನಗ್ತಾರಂತೆ. ಈಗ ಅವರ ಪ್ರಶ್ನೆ, "ಬೇರೆಯವರ ಥರ ನಂಗ್ಯಾಕೆ ಹೊಂದ್ಕೊಂಡು ಹೋಗೋಕೆ ಆಗ್ತಿಲ್ಲ, ನನ್ನ ಸ್ವಭಾವದಲ್ಲೇ ಏನಾದ್ರೂ ದೋಷ ಇದ್ಯಾ?"

ಹೊಂದ್ಕೊಂಡೇ ಇದ್ದೀರಲ್ಲ ಟೀಚರ್! ದಿನಾ 84 ಅಂತ ಬರೀತಿರೋ ಕೈ ನಿಮ್ದೇ ತಾನೇ. ಬೇಜಾರಾಗ್ಬೇಡಿ, ಆದ್ರೆ ಸಂಕಟ ಪಡೋದು ಬೇರೆ, ನಿಲ್ಲಿಸೋದು ಬೇರೆ. ಅಮೆರಿಕದ ಯೇಲ್ ಯೂನಿವರ್ಸಿಟಿಲಿ 1961ರಲ್ಲಿ ಸ್ಟ್ಯಾನ್ಲಿ ಮಿಲ್‌ಗ್ರಾಮ್ ಶುರು ಮಾಡಿದ ಪ್ರಯೋಗ ಕೇಳಿರ್ತೀರ, ಬಿ.ಎಡ್ ಸೈಕಾಲಜಿಲಿ ಬಂದಿದ್ರೂ ಬಂದಿರಬಹುದು. ಪಕ್ಕದ ರೂಮಲ್ಲಿ ಕೂತಿರೋನು ತಪ್ಪು ಉತ್ತರ ಕೊಟ್ಟಾಗೆಲ್ಲ ಕರೆಂಟ್ ಶಾಕ್ ಕೊಡಿ ಅಂತ ಹೇಳ್ತಾರೆ, ನಿಜವಾಗ್ಲೂ ಶಾಕ್ ಹೋಗ್ತಿರಲಿಲ್ಲ, ಆದ್ರೆ ಸ್ವಿಚ್ ಒತ್ತೋನಿಗೆ ಅದು ಗೊತ್ತಿರಲಿಲ್ಲ. 40 ಜನದಲ್ಲಿ 26 ಜನ ಕೊನೇ ಸ್ವಿಚ್ 450 ವೋಲ್ಟ್‌ವರೆಗೂ ಒತ್ತಿದ್ರು. ಒತ್ತಿದೋರೇನು ಕಟುಕರಲ್ಲ, ಬೆವೆತ್ರು, ನಡುಗಿದ್ರು, ಇದು ಸರಿಯಿಲ್ಲ ಅಂತ ವಾದನೂ ಮಾಡಿದ್ರು. ವಾದ ಮಾಡ್ತಾ ಮಾಡ್ತಾನೇ ಮುಂದಿನ ಸ್ವಿಚ್ ಒತ್ತಿದ್ರು. ನಿಮ್ಮ ನಿದ್ದೆಗೇಡಿನ ಕಥೆನೂ ಅದೇ.

ನನಗೆ ನಿಜವಾಗ್ಲೂ ಸಿಟ್ಟು ಬಂದಿದ್ದು ಪತ್ರದ ಮೂರನೇ ಪುಟದಲ್ಲಿ, ನೀವು ಒಂದೇ ಒಂದು ಸಾಲಲ್ಲಿ ಬರೆದು ಮುಂದೆ ಹೋಗಿರೋ ವಿಷಯಕ್ಕೆ. ತಿಂಗಳ ಕೊನೇಲಿ ಎಚ್‌ಎಂ ಅಡುಗೆ ಅಕ್ಕನ್ನ ಕರೆದು ಸ್ಟಾಕ್ ಬುಕ್ಕಿಗೆ ಸೈನ್ ಹಾಕು ಅಂದಾಗ ಆಯಮ್ಮ "ನಾ ಅಳದು ಹಾಕಿದ್ದು ಇಷ್ಟೇ ಅಕ್ಕಿ ಸರ್, ಜಾಸ್ತಿಗೆ ನಾ ಸೈನ್ ಹಾಕಲ್ಲ" ಅಂದ್ರಂತೆ. ಅದಕ್ಕೆ ನಿಮ್ಮ ಷರಾ, "ಅವರಿಗೇನು ಬಿಡಿ, ಕಳ್ಕೊಳ್ಳೋಕೆ ಏನಿದೆ."

ಏನಿದೆ ಅಂತೀರಾ? ನಿಮಗೆ ಬರೋದು ಸಂಬಳ, ಆಯಮ್ಮಂಗೆ ಬರೋದು ಗೌರವಧನ, ಅದೂ ಸರಿಯಾದ ಟೈಮಿಗೆ ಬಂದ್ರೆ. ನಿಮ್ಮನ್ನ ತೆಗೀಬೇಕಂದ್ರೆ ಫೈಲು ಓಡಬೇಕು, ಆರ್ಡರ್ ಬರಬೇಕು. ಆಯಮ್ಮಂಗೆ "ನಾಳೆಯಿಂದ ಬರಬೇಡ" ಅಂದ್ರೆ ಮುಗೀತು. ಇಡೀ ಶಾಲೇಲಿ ಅತಿ ಹೆಚ್ಚು ಕಳ್ಕೊಳ್ಳೋರೇ ಆಗಲ್ಲ ಅಂದಿದ್ದಾರೆ, ಮಿಕ್ಕವರೆಲ್ಲ ಸ್ಟಾಫ್‌ರೂಮಲ್ಲಿ ಟೀ ಕುಡೀತಿದ್ದಾರೆ.

ಆಯಮ್ಮಂಗೆ ಆಗಿದ್ದು ನಿಮಗ್ಯಾಕೆ ಆಗ್ತಿಲ್ಲ ಅಂತ ಕೇಳ್ಕೊಳ್ಳಿ, ಅದು ಸರಿಯಾದ ಪ್ರಶ್ನೆ. ಅವರೇನು ಹುಟ್ಟಾ ವೀರವನಿತೆ ಇರಬೇಕಿಲ್ಲ. ಆದ್ರೆ ಅವರ ಕೈಲಿ ಸೌಟಿದೆ, ಎದುರಿಗೆ ತಟ್ಟೆ ಹಿಡ್ಕೊಂಡು ಸಾಲು ನಿಂತಿರೋ ಮಕ್ಕಳಿದ್ದಾರೆ. ನಿಮ್ಮ ಕೈಲಿರೋದು ಪೆನ್ನು, ಎದುರಿಗೆ ಕೂತಿರೋದು ಎಚ್‌ಎಂ. ಮಿಲ್‌ಗ್ರಾಮ್ ಇದನ್ನೂ ಬದಲಾಯಿಸಿ ನೋಡಿದ. ಶಾಕ್ ತಿನ್ನೋನನ್ನ ಅದೇ ರೂಮಲ್ಲಿ ಕಣ್ಣೆದುರೇ ಕೂರಿಸಿದಾಗ ಕೊನೇವರೆಗೂ ಹೋದೋರು 40ರಲ್ಲಿ 16 ಜನಕ್ಕೆ ಇಳಿದ್ರು. ಆರ್ಡರ್ ಕೊಡೋನು ರೂಮಿಂದ ಆಚೆ ಹೋಗಿ ಫೋನಲ್ಲಿ ಹೇಳಿದಾಗ ಹೆಚ್ಚುಕಮ್ಮಿ ಐದರಲ್ಲಿ ಒಬ್ರು ಮಾತ್ರ ಕೊನೇವರೆಗೂ ಹೋದ್ರು. ಪಕ್ಕದಲ್ಲಿ ಕೂತಿದ್ದ ಇಬ್ರು ಜೊತೆಗಾರರು ನಮ್ಮ ಕೈಲಾಗಲ್ಲ ಅಂತ ಎದ್ದಾಗ? 40ರಲ್ಲಿ ಬರೀ 4 ಜನ. ಎಲ್ಲಾ ಅದೇ ಥರದ ಸಾಮಾನ್ಯ ಜನ, ಸ್ವಭಾವ ಗಿಭಾವ ಎಲ್ಲಾ ಆಮೇಲಿನ ಮಾತು, ಯಾರ ಹತ್ರ ನಿಂತಿದ್ದೀರಿ ಅನ್ನೋದೇ ಎಷ್ಟೋ ಸಲ ಹಣೆಬರಹ ಬರೀತದೆ.

ಸೀನಿಯರ್ ಮೇಷ್ಟ್ರ ವಿಷಯಕ್ಕೆ ಬರ್ತೀನಿ. ಎಚ್‌ಎಂ ಮೇಲೆ ನನಗೆ ಅಷ್ಟು ಕೋಪ ಇಲ್ಲ ಅಂದ್ರೆ ನೀವು ಬೈಕೋಬಹುದು. ತರಕಾರಿ, ಗ್ಯಾಸಿನ ದುಡ್ಡು ತಡ ಆಗಿ ಬರುತ್ತೆ, ಕೈಯಿಂದ ಹಾಕಿ ನಡೆಸಬೇಕು, ಆಮೇಲೆ ಲೆಕ್ಕ ಹೊಂದಿಸಬೇಕು ಅನ್ನೋ ಗೋಳು ಎಷ್ಟೋ ಎಚ್‌ಎಂಗಳಿಂದ ಕೇಳಿದ್ದೀನಿ, ತಪ್ಪು ತಪ್ಪೇ, ಆದ್ರೆ ಅಲ್ಲೊಂದು ಇಕ್ಕಟ್ಟಾದ್ರೂ ಇರಬಹುದು. ಈ ಮೇಷ್ಟ್ರಿಗೆ ಯಾವ ಇಕ್ಕಟ್ಟು? ರಿಟೈರ್ಮೆಂಟ್ ಹತ್ರ ಇದೆ, ಯಾರೂ ಏನೂ ಮಾಡೋ ಹಂಗಿಲ್ಲ, "ಆಯಮ್ಮ ಹೇಳ್ತಿರೋದು ಸರಿ ಇದೆ ಸರ್" ಅಂತ ಒಂದು ಮಾತು ಅಂದಿದ್ರೆ ಎಚ್‌ಎಂ ಅಲ್ಲೇ ತಣ್ಣಗಾಗ್ತಿದ್ರು. ಅದು ಬಿಟ್ಟು ಹೊಸ ಹುಡುಗಿನ ಗೇಲಿ ಮಾಡ್ತಾರೆ. ನಾನು ಯಾವಾಗ್ಲೂ ಹೇಳೋದೇ ಇದು, ಸ್ಟಾಫ್‌ರೂಮಿನ ಬುದ್ಧಿವಾದಕ್ಕೆ ಹೆದರಿ, ಅಲ್ಲಿ ಆಗಿರೋಷ್ಟು ಹಾಳು ಸಾಹೇಬರ ಚೇಂಬರಲ್ಲೂ ಆಗಿಲ್ಲ. ನಿಮ್ಮ ಮನೆಯವರನ್ನ ಬಿಡಿ, ಹೋಮ್ ಲೋನ್ ಇದೆ ಅಂತ ಬರೆದಿದ್ದೀರಲ್ಲ, ಆ ಭಯಕ್ಕೆ ನಾನು ಬಯ್ಯಲ್ಲ.

ಲೆಕ್ಕ ಹಾಕಿ ಆದ್ರೂ ನೋಡಿದ್ದೀರಾ? ಐದನೇ ಕ್ಲಾಸ್‌ವರೆಗೆ ದಿನಕ್ಕೆ ತಲೆಗೆ 100 ಗ್ರಾಂ ಅಕ್ಕಿ, ಆರರ ಮೇಲೆ 150. ಬರೀ 100ರ ಲೆಕ್ಕದಲ್ಲೇ ಆ ಜಾಸ್ತಿ ಬರೆದ 20 ಮಕ್ಕಳಿಗೆ ದಿನಕ್ಕೆ 2 ಕೆಜಿ, 25 ದಿನ ಶಾಲೆ ನಡೆದ್ರೆ 50 ಕೆಜಿ. ತಿಂಗಳಿಗೊಂದು ಮೂಟೆ ಅಕ್ಕಿ ಟೀಚರ್, ಅದರ ಪಕ್ಕದಲ್ಲಿರೋದು ನಿಮ್ಮ ಅಕ್ಷರ.

ಮಾಡಬೇಕಾಗಿರೋದು ಒಂದೇ ಒಂದು. ನಾಳೆಯಿಂದ ಆ ರಿಜಿಸ್ಟರ್ ಎಚ್‌ಎಂ ರೂಮಲ್ಲಿ ಬರೀಬೇಡಿ. ಮಕ್ಕಳಿಗೆ ಬಡಿಸೋ ಮುಂಚೆ ಟೀಚರ್ ರುಚಿ ನೋಡಬೇಕು ಅಂತ ನಿಯಮನೇ ಇದೆ, ಯಾರೂ ಯಾಕೆ ಹೋದೆ ಅಂತ ಕೇಳಲ್ಲ, ಅದನ್ನೇ ನೆಪ ಮಾಡ್ಕೊಂಡು ರಿಜಿಸ್ಟರ್ ಅಡುಗೆಕೋಣೆಗೆ ಎತ್ಕೊಂಡು ಹೋಗಿ, ಅಕ್ಕನ ಪಕ್ಕ ನಿಂತ್ಕೊಂಡು ತಲೆ ಎಣಿಸಿ, 64 ಇದ್ರೆ 64, 61 ಇದ್ರೆ 61, ಅಲ್ಲೇ ಬರೆದು ಸೈನ್ ಹಾಕಿ. ಭಾಷಣ ಬೇಡ, ವಾಟ್ಸಾಪ್ ಸ್ಟೇಟಸ್ ಅಂತೂ ಬೇಡವೇ ಬೇಡ. ಎಚ್‌ಎಂ ಕೇಳಿದ್ರೆ "ಜಾಸ್ತಿ ಬರೀಬೇಕಂದ್ರೆ ಲೆಟರ್ ಕೊಟ್ಬಿಡಿ ಸರ್" ಅನ್ನಿ, ಅಂಥ ಲೆಟರ್ ಯಾರೂ ಕೊಡಲ್ಲ. ಹಳೇ ಪುಟ ತಿದ್ದೋಕೆ ಹೋಗ್ಬೇಡಿ, ವೈಟ್ನರ್ ಮುಟ್ಟಿದ್ರೆ ಅದು ಇನ್ನೊಂದು ಸುಳ್ಳಾಗುತ್ತೆ.

ಮತ್ತೆ ಶುರು ಮಾಡಿ ನಾಲ್ಕು ದಿನಕ್ಕೆ ಹಿಂದೆ ಸರಿಯೋ ಹಂಗಿದ್ರೆ ಶುರುನೇ ಮಾಡ್ಬೇಡಿ. ಸಾಲೊಮನ್ ಆಶ್ ಅನ್ನೋ ಸೈಕಾಲಜಿಸ್ಟ್ 1950ರ ದಶಕದಲ್ಲಿ ಒಂದು ಗೆರೆ ತೋರಿಸಿ, ಮೂರು ಗೆರೆಗಳಲ್ಲಿ ಯಾವುದು ಅದರಷ್ಟೇ ಉದ್ದ ಇದೆ ಅಂತ ಕೇಳೋ ಪ್ರಯೋಗ ಮಾಡಿದ್ರು, ಗುಂಪೆಲ್ಲ ತಪ್ಪು ಹೇಳ್ತಿದ್ರೂ ಸರಿ ಹೇಳೋ ಒಬ್ಬ ಜೊತೆಗಾರ ಇದ್ರೆ ಸಾಕು, ಜನ ಗಟ್ಟಿಯಾಗಿ ನಿಲ್ತಿದ್ರು, ಆ ಜೊತೆಗಾರ ಮಧ್ಯದಲ್ಲಿ ಗುಂಪಿನ ಕಡೆ ಹಾರಿಬಿಟ್ರೆ ಇವರೂ ಮತ್ತೆ ಕುಸೀತಿದ್ರು. ಇಷ್ಟು ದಿನ ಆಯಮ್ಮ ಯಾರ ಜೊತೆನೂ ಇಲ್ಲದೆ ನಿಂತಿದ್ದಾರೆ, ನೀವು ಹೋಗಿ ಪಕ್ಕ ನಿಂತು ಆಮೇಲೆ ಕೈಬಿಟ್ರೆ ಮೊದಲು ಕೆಲಸ ಹೋಗೋದು ಅವರದ್ದು. ಆದ್ದರಿಂದ ನಾಳೆ ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆನೇ ಹೋಗಿ ಆಯಮ್ಮಂಗೆ ವಿಷಯ ಹೇಳಿ, ಅವರು ಹೂಂ ಅಂದ್ಮೇಲೆ ಪೆನ್ನು ತೆಗೀರಿ.