ಉರಿಯಿಲ್ಲ, ಜ್ವರವಿಲ್ಲ; ಮೂತ್ರದಲ್ಲಿ ಬ್ಯಾಕ್ಟೀರಿಯಾ ಕಂಡರೆ ಔಷಧ ಬೇಕೆ?

ಪ್ರಶ್ನೆ: ನನ್ನ ತಾಯಿಗೆ 72 ವರ್ಷ. ಬಹುಕಾಲದಿಂದ ಸಕ್ಕರೆ ಕಾಯಿಲೆಯಿದ್ದು, ಗ್ಲಿಮಿಪಿರೈಡ್ ಮಾತ್ರೆ ತೆಗೆದುಕೊಳ್ಳುತ್ತಾರೆ. ವಾರ್ಷಿಕ ತಪಾಸಣೆಯಲ್ಲಿ ಮೂತ್ರದಲ್ಲಿ ಪಸ್ ಸೆಲ್ (ಕೀವುಕಣ) 15–20 ಎಂದೂ, ಕಲ್ಚರ್‌ನಲ್ಲಿ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಇ. ಕೋಲಿ ಬ್ಯಾಕ್ಟೀರಿಯಾ 1 ಲಕ್ಷಕ್ಕಿಂತ ಹೆಚ್ಚು ಎಂದೂ ಬಂತು. ಉರಿ, ಜ್ವರ ಯಾವುದೂ ಇರಲಿಲ್ಲ. ಎರಡು ಕೋರ್ಸ್ ಆ್ಯಂಟಿಬಯೋಟಿಕ್ ಮುಗಿದ ಮೇಲೂ ಅದೇ ವರದಿ. ಈಗ ಉಡುಪಿಯ ಇನ್ನೊಬ್ಬ ವೈದ್ಯರು ಔಷಧವೇ ಬೇಡ ಎನ್ನುತ್ತಾರೆ. ಆದರೆ ನಾಲ್ಕು ತಿಂಗಳ ಗರ್ಭಿಣಿಯಾಗಿರುವ ನನ್ನ ತಮ್ಮನ ಹೆಂಡತಿಗೆ, ಏನೂ ತೊಂದರೆಯಿಲ್ಲದಿದ್ದರೂ, ಇಂಥದೇ ವರದಿಗೆ ಮಾತ್ರೆ ತಪ್ಪಿಸಲೇಬಾರದು ಎಂದಿದ್ದಾರೆ. ಯಾವುದು ಸರಿ?
– ಓದುಗರು, ಬ್ರಹ್ಮಾವರ

ಉತ್ತರ: ಎರಡೂ ಸರಿ. ನಿಮ್ಮ ತಾಯಿಯವರಿಗೆ ಇರುವುದು ಸೋಂಕಲ್ಲ; ಕಾಯಿಲೆಯ ಲಕ್ಷಣವಿಲ್ಲದೆ ಮೂತ್ರದಲ್ಲಿ ಸುಮ್ಮನೆ ಇರುವ ಬ್ಯಾಕ್ಟೀರಿಯಾ. ವಯಸ್ಸಾದ ಮಹಿಳೆಯರಲ್ಲಿ, ಅದರಲ್ಲೂ ಮಧುಮೇಹವಿರುವವರಲ್ಲಿ, ಇದು ಬಹಳ ಸಾಮಾನ್ಯ. ಕರುಳಿನಲ್ಲಿ ಸದಾ ಇರುವ ಇ. ಕೋಲಿ ಮೂತ್ರಕೋಶಕ್ಕೆ ಬಂದು, ಅಲ್ಲಿನ ಒಳಪದರಕ್ಕೆ ಹಾನಿ ಮಾಡದೆ ನೆಲೆಸಿರುತ್ತದೆ. ಪಸ್ ಸೆಲ್ ಇದ್ದ ಮಾತ್ರಕ್ಕೆ ಚಿತ್ರ ಬದಲಾಗುವುದಿಲ್ಲ. ಮೂತ್ರ ಕದಡಿದಂತಿದ್ದರೂ, ವಾಸನೆ ಬಂದರೂ ಅಷ್ಟೇ. ಮಧುಮೇಹವಿರುವ ಮಹಿಳೆಯರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಇಂಥ ಬ್ಯಾಕ್ಟೀರಿಯಾಕ್ಕೆ ಔಷಧ ಕೊಟ್ಟವರಲ್ಲಿಯೂ ಕೊಡದವರಲ್ಲಿಯೂ ಮುಂದೆ ಸೋಂಕಿನ ತೊಂದರೆಗಳು ಹೆಚ್ಚುಕಡಿಮೆ ಒಂದೇ ರೀತಿ ಕಂಡುಬಂದವು.

ಪ್ರಯೋಜನವಿಲ್ಲದ ಔಷಧದಿಂದ ಹಾನಿ ಮಾತ್ರ ಉಳಿಯುತ್ತದೆ. ಪ್ರತಿ ಕೋರ್ಸ್ ಕರುಳಿನ ಉಪಕಾರಿ ಜೀವಾಣುಗಳನ್ನೂ ಕೊಂದು, ಔಷಧಕ್ಕೆ ಬಗ್ಗದ ತಳಿಗಳಿಗೆ ಜಾಗ ಮಾಡಿಕೊಡುವುದರಿಂದ, ನಿಜವಾದ ಸೋಂಕು ಬಂದ ದಿನ ಮಾತ್ರೆ ಕೆಲಸ ಮಾಡದೆ ಇಂಜೆಕ್ಷನ್‌ಗಾಗಿ ಆಸ್ಪತ್ರೆ ಸೇರಬೇಕಾಗಬಹುದು. ಇನ್ನೊಂದು ಅಂಶವನ್ನು ಹಲವರು ಗಮನಿಸುವುದಿಲ್ಲ: ಸಿಪ್ರೊಫ್ಲಾಕ್ಸಾಸಿನ್ ಗುಂಪಿನ ಔಷಧವನ್ನು ಗ್ಲಿಮಿಪಿರೈಡ್ ಜೊತೆ ಕೊಟ್ಟರೆ ಸಕ್ಕರೆ ಅಪಾಯಕಾರಿ ಮಟ್ಟಕ್ಕೆ ಇಳಿಯುವ ಸಾಧ್ಯತೆಯಿದೆ. ಹಿಂದಿನ ಚೀಟಿಗಳಲ್ಲಿ ಆ ಹೆಸರಿದೆಯೇ ಎಂದು ನೋಡಿ.

ಗರ್ಭಿಣಿಯ ವಿಷಯ ಪೂರ್ತಿ ಬೇರೆ. ಗರ್ಭಾವಸ್ಥೆಯ ಹಾರ್ಮೋನುಗಳಿಂದ ಮೂತ್ರಪಿಂಡದಿಂದ ಇಳಿಯುವ ನಾಳಗಳು ಸಡಿಲಗೊಳ್ಳುತ್ತವೆ, ಬೆಳೆಯುವ ಗರ್ಭಕೋಶ ಅವನ್ನು ಒತ್ತುತ್ತದೆ. ಮೂತ್ರ ನಿಧಾನವಾಗಿ ಹರಿಯುವುದರಿಂದ ಬ್ಯಾಕ್ಟೀರಿಯಾ ಮೇಲೇರಲು ಸುಲಭವಾಗುತ್ತದೆ. ಚಿಕಿತ್ಸೆಯಿಲ್ಲದೆ ಬಿಟ್ಟರೆ ಇಂಥವರಲ್ಲಿ 100ಕ್ಕೆ 20ರಿಂದ 35 ಮಂದಿಗೆ ಮೂತ್ರಪಿಂಡದ ಸೋಂಕು ಬರಬಹುದೆಂದು ಹಳೆಯ ಅಧ್ಯಯನಗಳು ತೋರಿಸಿವೆ. ಆದ್ದರಿಂದ ನಿಮ್ಮ ತಮ್ಮನ ಹೆಂಡತಿ ಗರ್ಭಿಣಿಯರಿಗೆ ಸುರಕ್ಷಿತವಾದ, ವೈದ್ಯರು ಬರೆದ ಮಾತ್ರೆಯನ್ನು ಪೂರ್ತಿ ಮುಗಿಸಿ, ಬಳಿಕ ಮತ್ತೊಮ್ಮೆ ಕಲ್ಚರ್ ಮಾಡಿಸಲಿ. ಪ್ರಾಸ್ಟೇಟ್ ಅಥವಾ ಮೂತ್ರಕೋಶದ ಒಳಗೆ ಉಪಕರಣ ಹಾಕಿ ಶಸ್ತ್ರಚಿಕಿತ್ಸೆ ಮಾಡುವ ಮುನ್ನವೂ ಲಕ್ಷಣವಿಲ್ಲದ ಬ್ಯಾಕ್ಟೀರಿಯಾಕ್ಕೆ ಔಷಧ ಕೊಡುತ್ತಾರೆ.

ಮಾದರಿ ಸಂಗ್ರಹದ ಬಗ್ಗೆಯೂ ಹೇಳಬೇಕು. ಬೆಳಿಗ್ಗೆ ಏಳಕ್ಕೆ ಮನೆಯಲ್ಲಿ ತುಂಬಿಸಿದ ಬಾಟಲಿಯನ್ನು ಕೈಚೀಲದಲ್ಲಿಟ್ಟು, ಬಸ್ಸು ಹಿಡಿದು, ಹತ್ತೂವರೆಗೆ ಉಡುಪಿಯ ಲ್ಯಾಬಿನ ಕೌಂಟರಿನಲ್ಲಿ ಇಡುವವರಿದ್ದಾರೆ. ನಮ್ಮ ಕರಾವಳಿಯ ಸೆಖೆಯಲ್ಲಿ ಅಷ್ಟು ಹೊತ್ತಿಗೆ ಬಾಟಲಿಯೊಳಗಿನ ಕೆಲವೇ ಬ್ಯಾಕ್ಟೀರಿಯಾ ಎಷ್ಟೋ ಪಟ್ಟು ಹೆಚ್ಚಿ, ವರದಿಯ ಸಂಖ್ಯೆಗೆ ಅರ್ಥವೇ ಇಲ್ಲದಂತಾಗುತ್ತದೆ. ಸ್ವಚ್ಛವಾಗಿ ತೊಳೆದುಕೊಂಡು, ಮೊದಲ ಧಾರೆ ಬಿಟ್ಟು, ನಡುವಿನ ಧಾರೆಯನ್ನು ಲ್ಯಾಬಿನ ಸ್ಟೆರೈಲ್ ಬಾಟಲಿಯಲ್ಲಿ ಹಿಡಿಯಬೇಕು. ಸಾಧ್ಯವಾದರೆ ಲ್ಯಾಬಿನಲ್ಲಿಯೇ ಕೊಡಬೇಕು, ಇಲ್ಲವಾದರೆ ಎರಡು ಗಂಟೆಯೊಳಗೆ ತಲುಪಿಸಬೇಕು.

ನಿಮ್ಮ ತಾಯಿಯವರಿಗೆ ಹೊಸದಾಗಿ ಉರಿಮೂತ್ರ, ಪದೇ ಪದೇ ಅವಸರ, ಕಿಬ್ಬೊಟ್ಟೆ ನೋವು ಅಥವಾ ರಕ್ತ ಕಂಡರೆ ವೈದ್ಯರ ಬಳಿಗೆ ಹೋಗಿ. ಚಳಿಜ್ವರ, ಸೊಂಟದ ಮೇಲ್ಭಾಗದ ಒಂದು ಬದಿಯಲ್ಲಿ ನೋವು, ವಾಂತಿ ಇದ್ದರೆ ಅದೇ ದಿನ ಹೋಗಬೇಕು. ಆಗ ಮಾತ್ರ ಕಲ್ಚರ್‌ಗೆ ಬೆಲೆ. ಜ್ವರವಿಲ್ಲದೆ ಇದ್ದಕ್ಕಿದ್ದಂತೆ ಗೊಂದಲದ ಮಾತು ಶುರುವಾದರೆ ತಪ್ಪನ್ನು ಮೂತ್ರದ ಮೇಲೆ ಹೊರಿಸದೆ, ತಕ್ಷಣ ಸಕ್ಕರೆ ನೋಡಿ, ನೀರಿನಂಶ ಹಾಗೂ ಸೋಡಿಯಂ ಕಡಿಮೆಯಾಗಿದೆಯೇ ಎಂದು ಅಂದೇ ಪರೀಕ್ಷೆ ಮಾಡಿಸಬೇಕು.

ಬೊಂಡ (ಎಳನೀರು), ಬಾರ್ಲಿ ನೀರು, ಗಂಜಿ ತಿಳಿ ಬೇಸಿಗೆಯಲ್ಲಿ ದ್ರವದ ಕೊರತೆ ನೀಗಿಸುತ್ತವೆಯೇ ಹೊರತು ಸೋಂಕನ್ನು ಗುಣಪಡಿಸುವುದಿಲ್ಲ. ಬೊಂಡದಲ್ಲಿ ಪೊಟ್ಯಾಶಿಯಂ ಹೆಚ್ಚಿರುವುದರಿಂದ, ಮೂತ್ರಪಿಂಡ ದುರ್ಬಲವಾಗಿದ್ದವರು ಕೇಳಿಯೇ ಕುಡಿಯಬೇಕು. ಮುಂದಿನ ವಾರ್ಷಿಕ ತಪಾಸಣೆಯ ಪಟ್ಟಿಯಿಂದ ಮೂತ್ರದ ಕಲ್ಚರ್ ತೆಗೆಸಿ, ಅದರ ಬದಲು ಮೂತ್ರದ ಆಲ್ಬುಮಿನ್ ಮತ್ತು ರಕ್ತದ ಕ್ರಿಯಾಟಿನಿನ್ ಮಾಡಿಸಿ. ಮಧುಮೇಹದಿಂದ ಮೂತ್ರಪಿಂಡಕ್ಕೆ ಹಾನಿಯಾಗುತ್ತಿದೆಯೇ ಎಂಬುದು ಅವುಗಳಿಂದ ತಿಳಿಯುತ್ತದೆ.