ಒಂದೇ ಬದಲಾವಣೆ, ಮೂವರು ಮಕ್ಕಳು, ಮೂರು ಥರದ ಬದುಕು

ಈ ಕುಟುಂಬದ ಗುರುತು ಸಿಗದಂತೆ ವಯಸ್ಸು ಮತ್ತು ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಎಲ್ಲರನ್ನೂ ಸಂಬಂಧದ ಹೆಸರಿನಿಂದಲೇ ಕರೆಯುತ್ತೇನೆ.

ಆನುವಂಶಿಕ ಕಾಯಿಲೆಗಳ ಬಗ್ಗೆ ಮನೆಯವರಿಗೆ ಸಲಹೆ ಕೊಡುವ ನನ್ನ ಬಳಿ ನರರೋಗ ತಜ್ಞರು ಮೊದಲು ಕಳಿಸಿದ್ದು ತಮ್ಮನನ್ನು. ಅವನಿಗೆ ಈಗ 22. ಮೂರು ವರ್ಷದ ಹಿಂದೆ ಜೋರು ತಲೆನೋವು, ವಾಂತಿ, ಅದರ ಹಿಂದೆಯೇ ಫಿಟ್ಸ್ ಬಂದಿತ್ತು. ಒಂದು ಬದಿಯ ನೋಟ ಹೋಗಿತ್ತು. ಎಲ್ಲರೂ ಪಾರ್ಶ್ವವಾಯು ಅಂದುಕೊಂಡರು. ಆದರೆ ಮಿದುಳಿನ ಸ್ಕ್ಯಾನ್‌ನಲ್ಲಿ ಪೆಟ್ಟು ಬಿದ್ದ ಜಾಗ ಯಾವುದೇ ಒಂದು ರಕ್ತನಾಳ ಕಟ್ಟಿಕೊಂಡ ಹಾಗೆ ಇರಲಿಲ್ಲ. ಕೋಶಗಳಲ್ಲಿ ಶಕ್ತಿ ಸರಿಯಾಗಿ ತಯಾರಾಗದಾಗ ಏರುವ ಲ್ಯಾಕ್ಟೇಟ್ ರಕ್ತದಲ್ಲಿ ಜಾಸ್ತಿ ಇತ್ತು. ಕೊನೆಗೆ ಜೀನ್ ಪರೀಕ್ಷೆಯಲ್ಲಿ ಕಾರಣ ಸಿಕ್ಕಿತು. ಮೈಟೊಕಾಂಡ್ರಿಯಾ ಅಂದರೆ ಜೀವಕೋಶದೊಳಗೆ ಶಕ್ತಿ ತಯಾರಿಸುವ ಭಾಗ, ಅದಕ್ಕೆ ತನ್ನದೇ ಡಿಎನ್‌ಎ ಇದೆ. ಅದರ 3243ನೇ ಜಾಗದಲ್ಲಿ ‘ಎ’ ಅಕ್ಷರ ಇರಬೇಕಾದ ಕಡೆ ‘ಜಿ’ ಇತ್ತು. ಅವನಿಗೆ ಬಂದಿರುವ ಈ ಕಾಯಿಲೆಯನ್ನು ವೈದ್ಯರು ಮೆಲಾಸ್ ಅನ್ನುತ್ತಾರೆ.

ಆಮೇಲೆ ಮನೆಯವರೆಲ್ಲ ರಕ್ತ ಕೊಟ್ಟರು. 36ರ ಅಕ್ಕನಿಗೆ ಸಕ್ಕರೆ ಕಾಯಿಲೆ ಇತ್ತು, ಎರಡೂ ಕಿವಿ ಮಂದವಾಗಿದ್ದವು. 31ರ ತಂಗಿಗೆ ಯಾವ ತೊಂದರೆಯೂ ಇರಲಿಲ್ಲ. ಅವಳಿಗೆ ಮದುವೆಯಾಗಿದೆ, ಮಗು ಬೇಕು. ಅಮ್ಮನಿಗೆ ಬೇಗ ಸುಸ್ತಾಗುತ್ತಿತ್ತು, ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಅದನ್ನು ಎಲ್ಲರೂ ವಯಸ್ಸಿನ ಲೆಕ್ಕಕ್ಕೆ ಹಾಕಿದ್ದರು. ವರದಿಯಲ್ಲಿ ನಾಲ್ವರಿಗೂ ಅದೇ ಬದಲಾವಣೆ ಕಂಡಿತು. ರಕ್ತದಲ್ಲಿ ಅದರ ಪ್ರಮಾಣ ತಮ್ಮನಿಗೆ 41 ಪರ್ಸೆಂಟ್, ಅಕ್ಕನಿಗೆ 16, ತಂಗಿಗೆ 9, ಅಮ್ಮನಿಗೆ 4.

ನನ್ನ ಮುಂದೆ ಕೂತಾಗ ಅವರು ಈ ಅಂಕಿಗಳನ್ನು ಪರೀಕ್ಷೆಯ ಮಾರ್ಕ್ಸ್ ಥರ ಹಿಡಿದುಕೊಂಡಿದ್ದರು. “ನಿನಗೇನು, ಒಂಬತ್ತೇ ಅಲ್ವಾ” ಎಂದು ಅಕ್ಕ ತಂಗಿಗೆ ಹೇಳುತ್ತಿದ್ದಳು. ತಂಗಿಗೆ ಸಮಾಧಾನವಾಗಬೇಕೋ ನಾಚಿಕೆಯಾಗಬೇಕೋ ತಿಳಿಯುತ್ತಿರಲಿಲ್ಲ. ತಮ್ಮ ತಲೆ ಎತ್ತಲಿಲ್ಲ. ಅಮ್ಮ ಮಾತ್ರ ಒಂದೇ ಮಾತು ಹೇಳುತ್ತಿದ್ದರು: “ನನಗೆ ನಾಲ್ಕು ಇಟ್ಟುಕೊಂಡು ಮಗನಿಗೆ ನಲವತ್ತು ಕೊಟ್ಟೆ ಮೇಡಂ.”

ಅಲ್ಲಿಂದಲೇ ಮಾತು ಶುರು ಮಾಡಿದೆ. ಹಾಳೆಯ ಮೇಲೆ ದೊಡ್ಡ ವೃತ್ತ ಬರೆದು ಒಳಗೆ ತುಂಬ ಚುಕ್ಕಿ ಇಟ್ಟೆ. ನಮ್ಮ ಒಂದೊಂದು ಜೀವಕೋಶದಲ್ಲೂ ಮೈಟೊಕಾಂಡ್ರಿಯಾದ ಡಿಎನ್‌ಎ ನೂರಾರು, ಕೆಲವು ಕಡೆ ಸಾವಿರಾರು ಪ್ರತಿಗಳಲ್ಲಿ ಇರುತ್ತದೆ. ಅದರಲ್ಲಿರುವುದು 37 ಜೀನ್ ಮಾತ್ರ. ಆದರೆ ಕೋಶಕ್ಕೆ ಶಕ್ತಿ ತಯಾರಾಗಲು ಅವೆಲ್ಲ ಬೇಕು. ಬದಲಾವಣೆ ಎಲ್ಲ ಪ್ರತಿಗಳಲ್ಲೂ ಇರಬೇಕಿಲ್ಲ. ಕೆಲವು ಚುಕ್ಕಿಗಳಿಗೆ ಬಣ್ಣ ತುಂಬಿ ತೋರಿಸಿದೆ. ಹೀಗೆ ಸರಿಯಾದವೂ ಬದಲಾದವೂ ಬೆರೆತಿರುವುದನ್ನು ಹೆಟೆರೋಪ್ಲಾಸ್ಮಿ ಅನ್ನುತ್ತಾರೆ. ಬದಲಾದ ಪ್ರತಿಗಳು ಒಂದು ಮಿತಿ ದಾಟುವವರೆಗೂ ಕೋಶ ಹೇಗೋ ನಿಭಾಯಿಸುತ್ತದೆ. ದಾಟಿದ ಮೇಲೆ ಶಕ್ತಿ ಸಾಲುವುದಿಲ್ಲ. ಈ ಮಿತಿ ಎಲ್ಲ ಅಂಗಕ್ಕೂ ಒಂದೇ ಅಲ್ಲ. ಮಿದುಳು, ಹೃದಯ, ಮಾಂಸಖಂಡ, ಒಳಗಿವಿ, ಇನ್ಸುಲಿನ್ ತಯಾರಿಸುವ ಕೋಶಗಳಿಗೆ ಶಕ್ತಿ ಜಾಸ್ತಿ ಬೇಕು. ಅದಕ್ಕೇ ಈ ಕಾಯಿಲೆ ಮೊದಲು ಕಾಣಿಸುವುದು ಸಾಮಾನ್ಯವಾಗಿ ಅಲ್ಲೇ.

ಆಮೇಲೆ ಅಮ್ಮನ ನಾಲ್ಕರ ವಿಷಯಕ್ಕೆ ಬಂದೆ. ನನ್ನ ಪ್ರಕಾರ ಈ ಮಾತುಕತೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದು. 3243ರ ಬದಲಾವಣೆ ಇರುವವರ ರಕ್ತದಲ್ಲಿ ಬದಲಾದ ಪ್ರತಿಗಳು ವಯಸ್ಸಾದಂತೆ ಕಡಿಮೆಯಾಗುತ್ತಾ ಹೋಗುತ್ತವೆ. ರಕ್ತದ ಕೋಶಗಳು ಸದಾ ಹೊಸದಾಗಿ ಹುಟ್ಟುತ್ತಿರುತ್ತವೆ, ಆ ಓಟದಲ್ಲಿ ಬದಲಾವಣೆ ಜಾಸ್ತಿ ಇರುವವು ಹಿಂದೆ ಬೀಳುತ್ತವೆ. ಮಾಂಸಖಂಡದಲ್ಲಿ ಹೀಗೆ ಇಳಿಯುವುದಿಲ್ಲ. ಹಾಗಾಗಿ 60 ದಾಟಿದವರ ರಕ್ತದ 4 ಪರ್ಸೆಂಟನ್ನು 22ರ ಹುಡುಗನ 41ರ ಪಕ್ಕದಲ್ಲಿ ಇಟ್ಟು ಹೋಲಿಸಲು ಬರುವುದಿಲ್ಲ. ಮೂತ್ರದಲ್ಲಿ ಬರುವ ಕೋಶಗಳನ್ನು ಪರೀಕ್ಷಿಸಿದರೆ ದೊಡ್ಡವರಲ್ಲಿ ಇದಕ್ಕಿಂತ ಒಳ್ಳೆಯ ಅಂದಾಜು ಸಿಗುತ್ತದೆ. ಅದನ್ನು ಮಾಡಿಸಿದೆವು. ಅಮ್ಮನ ಪ್ರಮಾಣ ತಂಗಿಯದಕ್ಕಿಂತ ತುಂಬಾ ಮೇಲಿತ್ತು. ಅವರ ಸುಸ್ತು, ಕಿವಿ ಮಂದ ಆಗಿದ್ದು ಬರೀ ವಯಸ್ಸಿನಿಂದಲ್ಲ. ಅವರೂ ರೋಗಿಯೇ. ಇಷ್ಟು ವರ್ಷ ಯಾರೂ ಅವರನ್ನು ಆ ಕಣ್ಣಿನಿಂದ ನೋಡಿರಲಿಲ್ಲ.

ಅಮ್ಮ ಅತ್ತರು. ಅಳಲಿ ಎಂದು ಸುಮ್ಮನಿದ್ದೆ. ಆಮೇಲೆ ಹೇಳಿದೆ: “ಅಮ್ಮಾ, ಯಾರಿಗೆ ಎಷ್ಟು ಹೋಗಬೇಕು ಅನ್ನುವುದು ನಿಮ್ಮ ಕೈಯಲ್ಲಿ ಇರಲೇ ಇಲ್ಲ. ಗರ್ಭಿಣಿಯಾಗಿದ್ದಾಗ ಏನು ತಿಂದಿರಿ, ಎಷ್ಟು ದುಡಿದಿರಿ, ಎಷ್ಟು ಚಿಂತೆ ಮಾಡಿದಿರಿ, ಯಾವುದೂ ಇದಕ್ಕೆ ಕಾರಣ ಅಲ್ಲ.” ಇದು ಬರೀ ಸಮಾಧಾನದ ಮಾತಲ್ಲ. ಹೆಣ್ಣುಮಗು ತಾಯಿಯ ಹೊಟ್ಟೆಯಲ್ಲಿರುವಾಗಲೇ ಅದರ ಅಂಡಾಣುಗಳು ರೂಪುಗೊಳ್ಳಲು ಶುರುವಾಗುತ್ತವೆ. ಆಗ ಒಂದು ಹಂತದಲ್ಲಿ ಪ್ರತಿಗಳ ಸಂಖ್ಯೆ ತುಂಬಾ ಕಡಿಮೆಯಾಗಿ, ಆಮೇಲೆ ಲಕ್ಷಗಟ್ಟಲೆ ಏರುತ್ತದೆ. ಉಳಿದ ಆ ಕೆಲವೇ ಪ್ರತಿಗಳಲ್ಲಿ ಬದಲಾದವು ಎಷ್ಟು ಉಳಿದಿದ್ದವು ಅನ್ನುವುದರ ಮೇಲೆ ಒಂದೊಂದು ಅಂಡಾಣುವಿನ ಪಾಲು ಬೇರೆಯಾಗುತ್ತದೆ. ಅಮ್ಮನಿಗೆ ಈ ಕಾಯಿಲೆಯ ಸುಳಿವು ಸಿಗುವುದಕ್ಕೆ ಎಷ್ಟೋ ವರ್ಷ ಮೊದಲೇ ಅದು ನಡೆದುಹೋಗಿತ್ತು.

“ಹಾಗಾದರೆ ಸರಿಯಾದ ಪರ್ಸೆಂಟ್ ಗೊತ್ತಾದರೆ ಮುಂದೇನಾಗುತ್ತೆ ಅಂತ ಗೊತ್ತಾಗುತ್ತಾ?” ಎಂದು ತಂಗಿ ಕೇಳಿದಳು. ಕೆಲವು ಬದಲಾವಣೆಗಳಲ್ಲಿ ಅಂಕಿ ತಕ್ಕಮಟ್ಟಿಗೆ ದಾರಿ ತೋರಿಸುತ್ತದೆ. 8993ನೇ ಜಾಗದ ಒಂದು ಬದಲಾವಣೆ 90 ಪರ್ಸೆಂಟ್ ದಾಟಿದರೆ ಸಾಮಾನ್ಯವಾಗಿ ಎಳೆ ಮಗುವಿಗೆ ಮಿದುಳಿನ ಗಂಭೀರ ಕಾಯಿಲೆಯಾದ ಲೀ ಸಿಂಡ್ರೋಮ್ ಬರುತ್ತದೆ. ಅದಕ್ಕಿಂತ ಸ್ವಲ್ಪ ಕಡಿಮೆ ಇದ್ದರೆ ದೊಡ್ಡವರಾದ ಮೇಲೆ ನರದ ದೌರ್ಬಲ್ಯ, ಕಣ್ಣಿನ ತೊಂದರೆ ಕಾಣಿಸಿಕೊಳ್ಳಬಹುದು. ಇನ್ನೊಂದು ಕಡೆ ಲೀಬರ್ ಎಂಬ ಕಣ್ಣಿನ ನರದ ಕಾಯಿಲೆ ಇದೆ. ಅಲ್ಲಿ ಹೆಚ್ಚಿನವರಲ್ಲಿ ಎಲ್ಲ ಪ್ರತಿಗಳೂ ಬದಲಾಗಿರುತ್ತವೆ. ಆದರೂ ನೋಟ ಕಳೆದುಕೊಳ್ಳುವುದು ಗಂಡಸರಲ್ಲಿ ಸುಮಾರು ಅರ್ಧದಷ್ಟು ಜನ, ಹೆಂಗಸರಲ್ಲಿ ಸುಮಾರು ಹತ್ತರಲ್ಲಿ ಒಬ್ಬರು. ಸಿಗರೇಟು ಸೇದುವವರಿಗೆ ಅಪಾಯ ಜಾಸ್ತಿ. ಅಂದರೆ ಪ್ರಮಾಣದ ಆಚೆಗೂ ಕಾರಣಗಳಿವೆ. ಮೈಟೊಕಾಂಡ್ರಿಯಾ ನಡೆಯಲು ಬೇಕಾದ ಸಾವಿರಕ್ಕೂ ಹೆಚ್ಚು ಪ್ರೋಟೀನ್‌ಗಳ ಜೀನ್ ಇರುವುದು ಕೋಶಕೇಂದ್ರದಲ್ಲಿ. ಅವು ಅಪ್ಪ ಅಮ್ಮ ಇಬ್ಬರಿಂದಲೂ ಬರುತ್ತವೆ, ಅಕ್ಕತಂಗಿಯರಲ್ಲೂ ಬೇರೆ ಬೇರೆ ಇರುತ್ತವೆ. 3243ರ ವಿಷಯದಲ್ಲಿ ಅಂಕಿ ಒಂದು ಸುಳಿವು ಅಷ್ಟೇ. ಅದನ್ನು ಹಿಡಿದು ಯಾರ ಭವಿಷ್ಯವನ್ನೂ ಹೇಳಲಾಗದು.

ಅದಕ್ಕೇ ಇಬ್ಬರು ಹೆಣ್ಣುಮಕ್ಕಳಿಗೂ ಅಮ್ಮನಿಗೂ ಒಂದೇ ಸಲಹೆ ಕೊಟ್ಟೆ. ಪರ್ಸೆಂಟ್ ಎಷ್ಟೇ ಇರಲಿ, ತೊಂದರೆ ಇರಲಿ ಇಲ್ಲದಿರಲಿ, ಹೃದಯದ ಇಸಿಜಿ ಮತ್ತು ಎಕೋ, ರಕ್ತದ ಸಕ್ಕರೆ, ಮೂತ್ರದಲ್ಲಿ ಪ್ರೋಟೀನ್, ಕಿವಿ, ಕಣ್ಣು, ಇವಿಷ್ಟನ್ನೂ ನಿಯಮಿತವಾಗಿ ನೋಡಿಸಿಕೊಳ್ಳಬೇಕು. ಹೃದಯದ ತೊಂದರೆ ಸದ್ದಿಲ್ಲದೆ ಬೆಳೆಯಬಹುದು. ಬೇಗ ಸಿಕ್ಕರೆ ಔಷಧಿ ಇದೆ. ಈ ಕಾಯಿಲೆಯನ್ನು ಬುಡಸಮೇತ ಕೀಳುವ ಚಿಕಿತ್ಸೆ ಇನ್ನೂ ಇಲ್ಲದಿರುವಾಗ ನಮ್ಮ ಕೈಲಿರುವ ಗಟ್ಟಿ ಕೆಲಸ ಇದೇ. ಅಕ್ಕನ ಸಕ್ಕರೆ ಕಾಯಿಲೆಯ ವೈದ್ಯರಿಗೆ ಒಂದು ಪತ್ರ ಕೊಟ್ಟೆ. ಲ್ಯಾಕ್ಟೇಟ್ ಏರುವ ಭಯದಿಂದ ಇಂಥವರಿಗೆ ಮೆಟ್‌ಫಾರ್ಮಿನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆ ಕೊಡುವ ಮೊದಲು ವೈದ್ಯರು ಯೋಚಿಸುತ್ತಾರೆ. ಮಾತ್ರೆಯನ್ನು ನೀನಾಗಿಯೇ ನಿಲ್ಲಿಸಬೇಡ, ಅವರನ್ನು ಕೇಳಿಯೇ ಬದಲಿಸು ಎಂದು ಒತ್ತಿ ಹೇಳಿದೆ.

ತಮ್ಮನ ಜೊತೆ ಬೇರೆಯಾಗಿ ಮಾತಾಡಿದೆ. ಜ್ವರ, ವಾಂತಿ, ಉಪವಾಸ, ನಿದ್ದೆಗೇಡು ಅವನಿಗೆ ಬರೀ ಆಯಾಸದ ವಿಷಯವಲ್ಲ. ಅವು ಮೂರು ವರ್ಷದ ಹಿಂದಿನಂಥ ಮತ್ತೊಂದು ಅಟ್ಯಾಕ್‌ಗೆ ದಾರಿ ಮಾಡಬಹುದು. ತಲೆನೋವಿನ ಜೊತೆ ನೋಟ ಮಂಜಾದರೆ ಕಾಯಬಾರದು, ಕೂಡಲೇ ಆಸ್ಪತ್ರೆಗೆ ಹೋಗಬೇಕು. ರೋಗದ ಹೆಸರು ಬರೆದ ಕಾರ್ಡ್ ಜೇಬಲ್ಲಿರಬೇಕು. ಅದರಲ್ಲಿ ಫಿಟ್ಸ್‌ಗೆ ವ್ಯಾಲ್ಪ್ರೋಯೇಟ್ ಬೇಡ, ಅರಿವಳಿಕೆ ಕೊಡುವ ಮೊದಲು ಈ ಕಾಯಿಲೆ ಗಮನದಲ್ಲಿರಲಿ ಎಂದು ನರರೋಗ ತಜ್ಞರಿಂದಲೇ ಬರೆಸಿದೆವು. ಸುಸ್ತಾಗುತ್ತದೆ ಎಂದು ಅವನು ನಡೆದಾಡುವುದನ್ನೇ ಬಿಟ್ಟಿದ್ದ. ಫಿಸಿಯೋಥೆರಪಿಸ್ಟ್ ಹೇಳಿದಂತೆ ನಿಧಾನವಾಗಿ ಹೆಚ್ಚಿಸುತ್ತಾ ಹೋಗುವ ವ್ಯಾಯಾಮ ಒಳ್ಳೆಯದು ಎಂದಾಗ ಮೊದಲ ಸಲ ತಲೆ ಎತ್ತಿದ. ಕೊನೆಯಲ್ಲಿ ಮೆಲ್ಲಗೆ ಕೇಳಿದ: “ನಾನು ಮದುವೆ ಆಗಬಹುದಾ? ಮಕ್ಕಳಿಗೆ ಇದು ಹೋಗುತ್ತಲ್ವಾ?” ಹೋಗುವುದಿಲ್ಲ. ಮೈಟೊಕಾಂಡ್ರಿಯಾದ ಡಿಎನ್‌ಎ ಬರುವುದು ತಾಯಿಯಿಂದ. ತಂದೆಯಾಗಿ ಅವನು ಅದನ್ನು ದಾಟಿಸುವುದಿಲ್ಲ. ಅವನಿಗೆ ಇದನ್ನು ಮೂರು ವರ್ಷದಲ್ಲಿ ಯಾರೂ ಹೇಳಿರಲಿಲ್ಲ.

ಮೈಟೊಕಾಂಡ್ರಿಯಾದ ಕಾಯಿಲೆ ಇರುವ ಎಲ್ಲ ಮನೆಗೂ ಈ ಉತ್ತರ ಹೊಂದದು. ಮಕ್ಕಳಲ್ಲಿ ಕಾಣುವ ಎಷ್ಟೋ ಕಾಯಿಲೆಗಳಿಗೆ ಕಾರಣ ಕೋಶಕೇಂದ್ರದ ಜೀನ್. ಅಲ್ಲಿ ಬಹಳಷ್ಟು ಸಲ ಅಪ್ಪ ಅಮ್ಮ ಇಬ್ಬರೂ ವಾಹಕರು, ಅಂದರೆ ಕಾಯಿಲೆ ಇಲ್ಲದೆ ಬದಲಾದ ಜೀನ್ ಹೊತ್ತವರು, ಪ್ರತಿ ಗರ್ಭದಲ್ಲೂ ಅಪಾಯ ನಾಲ್ಕರಲ್ಲೊಂದು. ಯಾವ ಜೀನ್ ಎಂದು ಗೊತ್ತಾಗದೆ ಮುಂದಿನ ಮಗುವಿನ ಬಗ್ಗೆ ಮಾತಾಡಬಾರದು.

ತಂಗಿಗೂ ಅವಳ ಗಂಡನಿಗೂ ಹೆಚ್ಚು ಸಮಯ ಕೊಟ್ಟೆ. ಅವಳ ಎಲ್ಲ ಮಕ್ಕಳಿಗೂ ಬದಲಾವಣೆ ದಾಟುವ ಸಾಧ್ಯತೆ ಇದೆ. ಎಷ್ಟು ಎಂದು ಮೊದಲೇ ಹೇಳಲಾಗದು. ಹೊಟ್ಟೆಯಲ್ಲಿರುವಾಗ ಪರೀಕ್ಷೆ ಮಾಡಬಹುದು, ಆದರೆ ಪ್ರಮಾಣ ನಡುವೆ ಎಲ್ಲೋ ಬಂದರೆ ನಿರ್ಧಾರ ತುಂಬಾ ಕಷ್ಟ. ಐವಿಎಫ್‌ನಲ್ಲಿ ಭ್ರೂಣಗಳನ್ನು ಪರೀಕ್ಷಿಸಿ ಪ್ರಮಾಣ ತೀರಾ ಕಡಿಮೆ ಇರುವುದನ್ನು ಗರ್ಭಕೋಶಕ್ಕೆ ಸೇರಿಸಬಹುದು. ಅದು ಅಪಾಯ ಇಳಿಸುತ್ತದೆ, ಪೂರ್ತಿ ತೆಗೆಯುವುದಿಲ್ಲ. ದಾನಿಯ ಅಂಡಾಣು ಇನ್ನೊಂದು ದಾರಿ. “ಅಕ್ಕನದು ತಗೊಂಡರೆ?” ಎಂದಳು. ಅಕ್ಕನಿಗೂ ಅದೇ ಬದಲಾವಣೆ ಇದೆ, ಹಾಗಾಗಿ ಆಗದು. ಅಂಡಾಣು ಕೊಡುವವರು ಅಮ್ಮನ ಕಡೆಯ ನೆಂಟರಾಗಿರಬಾರದು. ದಾನಿಯ ಮೈಟೊಕಾಂಡ್ರಿಯಾ ಬಳಸುವ ವಿಧಾನಕ್ಕೆ ಬ್ರಿಟನ್ 2015ರಲ್ಲಿ ಕಾನೂನಿನ ಒಪ್ಪಿಗೆ ಕೊಟ್ಟಿತು. ಈ ವಿಧಾನದಲ್ಲಿ ಎಂಟು ಮಕ್ಕಳು ಹುಟ್ಟಿರುವುದನ್ನು ನ್ಯೂಕ್ಯಾಸಲ್‌ನ ತಂಡ 2025ರಲ್ಲಿ ವರದಿ ಮಾಡಿತು. ಅವರಲ್ಲಿ ಕೆಲವರಲ್ಲಿ ಬದಲಾದ ಪ್ರತಿ ಸ್ವಲ್ಪ ಉಳಿದಿತ್ತು. ಎಲ್ಲ ದೇಶದಲ್ಲೂ ಇದಕ್ಕೆ ಒಪ್ಪಿಗೆ ಇಲ್ಲ ಎಂದೂ ಹೇಳಿದೆ. ಯಾವ ದಾರಿ ಹಿಡಿದರೂ ಗರ್ಭಿಣಿಯಾದಾಗ ಸಕ್ಕರೆ, ಬಿಪಿ, ಅವಧಿಗೆ ಮೊದಲೇ ಹೆರಿಗೆ, ಈ ಮೂರರ ಅಪಾಯ ಅವಳಿಗೆ ಉಳಿದವರಿಗಿಂತ ಜಾಸ್ತಿ. ಅದನ್ನು ಪ್ರಸೂತಿ ವೈದ್ಯರಿಗೆ ಮೊದಲ ದಿನವೇ ತಿಳಿಸಬೇಕು.

ಅವರು ಭ್ರೂಣ ಪರೀಕ್ಷೆಯ ದಾರಿ ಆರಿಸಿಕೊಂಡರು. ನಾನು ಯಾವುದನ್ನೂ ಹಿಡಿ, ಬಿಡು ಎನ್ನಲಿಲ್ಲ.

ಉಳಿದದ್ದು ಅಕ್ಕನ ಆರು ವರ್ಷದ ಮಗಳು. “ಇವಳದೂ ಇವತ್ತೇ ನೋಡಿಬಿಡಿ” ಎಂದು ಅಕ್ಕ ಹಟ ಹಿಡಿದಳು. ಮಗು ಚೆನ್ನಾಗಿ ಓಡಾಡಿಕೊಂಡಿದೆ. ಈಗ ಅಂಕಿ ಸಿಕ್ಕರೆ ಚಿಕಿತ್ಸೆಯಲ್ಲಿ ಏನೂ ಬದಲಾಗುವುದಿಲ್ಲ, ಅವಳನ್ನು ನೋಡುವ ಮನೆಯವರ ಕಣ್ಣು ಮಾತ್ರ ಬದಲಾಗುತ್ತದೆ. ಬದಲಾವಣೆ ಅವಳಲ್ಲೂ ಇರಬಹುದು ಎಂದುಕೊಂಡೇ ಬೆಳವಣಿಗೆ, ಕಿವಿ, ಹೃದಯ ನೋಡಿಸುತ್ತಿರೋಣ ಎಂದೆ. ಸುಸ್ತು, ಪದೇ ಪದೇ ವಾಂತಿ ಸಹಿತ ತಲೆನೋವು, ಫಿಟ್ಸ್ ಏನಾದರೂ ಕಂಡರೆ ಆಗ ತಡ ಮಾಡದೆ ಜೀನ್ ಪರೀಕ್ಷೆ. ಇಲ್ಲದಿದ್ದರೆ ಅವಳು ದೊಡ್ಡವಳಾಗಿ ತಾನೇ ಕೇಳಲಿ. ಅಕ್ಕ ಎರಡು ವಾರ ಬಿಟ್ಟು ಫೋನ್ ಮಾಡಿ ಒಪ್ಪಿಕೊಂಡಳು. ಮಕ್ಕಳ ವೈದ್ಯರಿಗೆ ಪತ್ರ ಬರೆದುಕೊಟ್ಟೆ. ಅಮ್ಮನ ಇಬ್ಬರು ತಂಗಿಯರಿಗೂ ಅವರ ಮಕ್ಕಳಿಗೂ ವಿಷಯ ತಿಳಿಸುವ ಕೆಲಸವನ್ನು ಅಮ್ಮನೇ ವಹಿಸಿಕೊಂಡಿದ್ದಾರೆ.